ಬಸಳೆ ಕೇಳಿದ್ದೇ ತಪ್ಪಾಯಿತು

ನನಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. 32 ವರ್ಷ ಬಸ್ಸಿನಲ್ಲಿ "ಯಾರ್ರೀ ಟಿಕೆಟ್" ಅಂತ ಕೂಗಿದ ಗಂಟಲು ಇದು. ಅದಕ್ಕೇ ಅಕ್ಟೋಬರಿನಲ್ಲಿ ನಮ್ಮನೆಯವಳು ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ಹೇಳಿದಳು: "ಮೂರು ತಿಂಗಳು ತುಂಬೋವರೆಗೆ ಯಾರ ಹತ್ರಾನೂ ಬಾಯಿ ಬಿಡಬೇಡಿ ರೀ. ನಿಮ್ಮ ಆ ಗಿಡದ ಗ್ಯಾಂಗಿನ ಹತ್ರ ಅಂತೂ ಬೇಡವೇ ಬೇಡ."

ಗಿಡದ ಗ್ಯಾಂಗ್ ಅಂದರೆ ನಾವು ಆರೇಳು ಜನ. ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕುತ್ತೇವೆ. ಆಮೇಲೆ ಗೇಟಿನ ಹತ್ತಿರ ನಿಂತು ಕಾಫಿ. ಎಲ್ಲರ ಕೈಯಲ್ಲೂ ಒಂದು ಬಟ್ಟೆ ಚೀಲ. ಅದರೊಳಗೆ ತೊಳೆದ ನಂದಿನಿ ಹಾಲಿನ ಪ್ಯಾಕೆಟ್ಟು, ಪ್ಯಾಕೆಟ್ಟಿನೊಳಗೆ ಮಣ್ಣು, ಮಣ್ಣಲ್ಲೊಂದು ಸಸಿ. ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ, ಗಿಡದ ಮೇಲೇ ಹೆಸರು. ದಾಸವಾಳದ ಅಕ್ಕ, ಬಸಳೆ ಮೇಷ್ಟ್ರು, ಕರಿಬೇವಿನ ಭಾವ. ನಾನು ಮೊದಲು ಬರೀ ಕಂಡಕ್ಟರ್ರು. ಈ ವರ್ಷದಿಂದ ಗುಳ್ಳದ ಕಂಡಕ್ಟರ್ರು. ಗುಳ್ಳ ಅಂದರೆ ಒಂದು ಬಗೆಯ ದುಂಡು ಬದನೆ.

ಸಸಿ ಕೊಡುವವರು ಜೊತೆಗೆ ಮನೆಯ ಒಂದು ಒಳ್ಳೆ ಸುದ್ದಿಯನ್ನೂ ಹೇಳಬೇಕು ಅನ್ನೋದು ಯಾರೂ ಮಾಡಿದ ರೂಲ್ಸ್ ಅಲ್ಲ. ಹೇಗೋ ಹಾಗೇ ಬೆಳೆದುಬಿಟ್ಟಿದೆ. ಕರಿಬೇವಿನ ಭಾವ ಟೈಲರ್. ಜುಲೈನಲ್ಲಿ ಒಂದು ದಿನ ಚೀಲದ ತುಂಬ ಕರಿಬೇವಿನ ಸಸಿ ಹೊತ್ತು ತಂದರು. ಕರಿಬೇವಿನ ಬೀಜ ಹಣ್ಣಾದ ಕೂಡಲೇ ಹಾಕಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟರೆ ಹುಟ್ಟುವುದಿಲ್ಲ. ಹಾಗಾಗಿ ಒಂದೇ ಸಲಕ್ಕೆ ಇಷ್ಟು ಸಸಿ ಅಂದುಕೊಂಡೆವು. ಆಮೇಲೆ ತಿಳಿಯಿತು, ಮಗಳು ಪಿಯುಸಿ ಅಕೌಂಟೆನ್ಸಿಯಲ್ಲಿ ಎರಡನೇ ಸಲಕ್ಕೆ 38 ತೆಗೆದು ಪಾಸಾಗಿದ್ದಾಳೆ. ರ್‍ಯಾಂಕ್ ಬಂದ ಮಕ್ಕಳ ಸುದ್ದಿ ಪೇಪರಿನಲ್ಲಿ ಬರುತ್ತದೆ. 38 ಬಂದವರ ಸುದ್ದಿ ನಮ್ಮ ಗೇಟಿನಲ್ಲಿ. ಆವತ್ತಿನ ಕಾಫಿ ಭಾವನದೇ ಲೆಕ್ಕ.

ದಾಸವಾಳದ ಅಕ್ಕನಿಗೆ ಕಣ್ಣಿನ ಪೊರೆ ತೆಗೆದರು. ಎರಡು ವಾರ ಬಿಟ್ಟು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. "ಕಣ್ಣು ಬಂತು ಕಣ್ರೋ. ಗಿಡದಲ್ಲಿ ಮೊದಲು ಕಂಡಿದ್ದೇನು ಹೇಳಿ ನೋಡೋಣ? ಹಿಟ್ಟು ತಿಗಣೆ!" ಗಿಡಕ್ಕೆ ತಾವು ಎರಚಿದ ಒಲೆ ಬೂದಿ ಹಾಗೇ ಅಂಟಿಕೊಂಡಿದೆ ಅಂತ ಇಷ್ಟು ದಿನ ನೆಮ್ಮದಿಯಾಗಿದ್ದರಂತೆ. ಅದನ್ನು ಹೇಳುವಾಗ ಅವರಿಗಿದ್ದ ಖುಷಿ ನೋಡಬೇಕಿತ್ತು. ತಿಗಣೆ ಇರುವುದಕ್ಕಲ್ಲ, ಕಂಡಿದ್ದಕ್ಕೆ.

ಈಗ ಗುಳ್ಳದ ಕತೆಗೆ ಬರುತ್ತೇನೆ.

2000ನೇ ಇಸವಿಯ ಜನವರಿ. ಉಡುಪಿಯಲ್ಲಿ ಕೃಷ್ಣ ಮಠದ ಪರ್ಯಾಯ ಉತ್ಸವದ ಸಮಯ, ಬಸ್ಸು ಭರ್ತಿ. ಕಟಪಾಡಿಯಲ್ಲಿ ಒಬ್ಬ ಅಮ್ಮ ಗೋಣಿಚೀಲ ಹತ್ತಿಸಿದರು. ಲಗೇಜಿಗೆ ಚೀಟಿ ಹರಿದೆ. ಅವರು ಸೆರಗಿನ ಗಂಟು ಬಿಚ್ಚಿ ಎಣಿಸಿ, "ಕಂಡಕ್ಟ್ರೇ, ಎರಡು ರೂಪಾಯಿ ಕಡಿಮೆ ಉಂಟು ಮಾರಾಯ್ರೆ. ಗುಳ್ಳ ತಕೊಳ್ಳಿ" ಅಂದರು. ನನ್ನ ಎರಡು ರೂಪಾಯಿ ಬ್ಯಾಗಿಗೆ ಹಾಕಿ ಎರಡು ಗುಳ್ಳ ತೆಗೆದುಕೊಂಡೆ. ತಿಳಿಹಸಿರು, ದುಂಡಗೆ, ತೊಟ್ಟಿನಲ್ಲಿ ಮುಳ್ಳು. ಕೈಗೆ ಚುಚ್ಚಿಸಿಕೊಂಡೇ ಮೈಸೂರಿಗೆ ತಂದೆ.

ಅದು ಮಟ್ಟು ಗುಳ್ಳ ಅಂತ ಆಗ ನನಗೆ ಗೊತ್ತಿರಲಿಲ್ಲ. ಕಟಪಾಡಿಯ ಪಕ್ಕದ ಮಟ್ಟು ಊರಿನ ಬದನೆ ಅದು. ಸೋದೆ ಮಠದ ವಾದಿರಾಜ ಸ್ವಾಮಿಗಳು ಊರಿನವರಿಗೆ ಬೀಜ ಕೊಟ್ಟರು ಅಂತ ಅಲ್ಲಿಯವರ ನಂಬಿಕೆ. ಮೊದಲ ಬೆಳೆ ಈಗಲೂ ಕೃಷ್ಣ ಮಠಕ್ಕೆ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ಬಂತು. ನಮ್ಮ ಮೈಸೂರಿಗೂ ಈರನಗೆರೆ ಬದನೆ ಅಂತ ಒಂದು ಹೆಮ್ಮೆ ಇದೆ. ಅದಕ್ಕೆ ಅವಮಾನ ಆಗದ ಹಾಗೆ ಹೇಳುತ್ತೇನೆ, ಗುಳ್ಳದ ದಾರಿಯೇ ಬೇರೆ. ಬೆಂದರೆ ಬೆಣ್ಣೆ.

ನಮ್ಮನೆಯವಳು ಪಕ್ಕದ ಮನೆಯ ಉಡುಪಿ ಕಡೆಯವರನ್ನು ಕೇಳಿ ಬೋಳು ಹುಳಿ ಮಾಡಿದಳು. ತೆಂಗಿನಕಾಯಿ ರುಬ್ಬಿ ಹಾಕುವ ಹಾಗಿಲ್ಲ, ಅದಕ್ಕೇ ಬೋಳು. ಮಗಳಿಗೆ ಆಗ ಆರು ವರ್ಷ. ಬದನೆಕಾಯಿ ಅಂದರೆ ತಟ್ಟೆ ತಳ್ಳುತ್ತಿದ್ದ ಹುಡುಗಿ ಎರಡು ಸಲ ಅನ್ನ ಹಾಕಿಸಿಕೊಂಡಳು. ಎರಡನೇ ಗುಳ್ಳವನ್ನು ನಾನು ಒಣಗಿಸಿ ಬೀಜ ತೆಗೆದು ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಎಳೆ ಕಾಯಿಯ ಬೀಜ ಹುಟ್ಟುವುದಿಲ್ಲ, ಕಾಯಿ ಗಿಡದಲ್ಲೇ ಹಳದಿಯಾಗಿ ಹಣ್ಣಾಗಬೇಕು. ಇದು ನನಗೆ ಗೊತ್ತಾಗಿದ್ದು ರಿಟೈರ್ ಆದ ಮೇಲೆ.

ನನ್ನ ಜೊತೆ ಆ ರೂಟಿನಲ್ಲಿದ್ದ ಡ್ರೈವರಣ್ಣ ಈಗ ಕಟಪಾಡಿ ಕಡೆ ಮಗನ ಮನೆಯಲ್ಲಿದ್ದಾರೆ. ಅವರಿಗೆ ಫೋನಿನಲ್ಲಿ ಸುಮ್ನೆ ಹೇಳಿದ್ದೆ. ಆಗಸ್ಟಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಪೇಪರಿನ ಪೊಟ್ಟಣ, ಪೊಟ್ಟಣದಲ್ಲಿ 70 ಬೀಜ. ಎಣಿಸಿದೆ. ಎಣಿಸುವುದು ಹಳೆ ಕಾಯಿಲೆ.

ಗೌರಿ ಹಬ್ಬ ಕಳೆದ ವಾರ ಗುಳಿ ಟ್ರೇಯಲ್ಲಿ 40 ಬೀಜ ಹಾಕಿದೆ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಅರ್ಧರ್ಧ. ಎಂಟನೇ ದಿನ ಬೆಳಿಗ್ಗೆ ಟಾರ್ಚ್ ಹಾಕಿ ನೋಡಿದರೆ ಕುಣಿಕೆ ಹಾಗೆ ಬಗ್ಗಿದ ಬಿಳಿ ದಂಟು. ಸಂಜೆ ಹೊತ್ತಿಗೆ ತಲೆ ಎತ್ತಿ ಎರಡು ಎಲೆ ಬಿಚ್ಚಿತ್ತು. ಒಟ್ಟು 36 ಹುಟ್ಟಿದವು. ನಾನು ದಿನಕ್ಕೆ ಹತ್ತು ಸಲ ಮಹಡಿ ಹತ್ತಿದೆ. ಹತ್ತಿದಾಗಲೆಲ್ಲ ಸ್ವಲ್ಪ ನೀರು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಬುಡದಲ್ಲಿ ಕಿವುಚಿದ ಹಾಗಾಗಿ ಅಷ್ಟೂ ಸಸಿ ಮಲಗಿವೆ. ಬುಡ ಕೊಳೆಯುವ ರೋಗ. ನೀರು ಜಾಸ್ತಿಯಾಗಿ ಶಿಲೀಂಧ್ರ ಹಿಡಿದಿದೆ. ತಪ್ಪು ಯಾರದ್ದು ಅಂತ ಬೇರೆ ಹುಡುಕಬೇಕಾಗಿರಲಿಲ್ಲ.

ಆ ಭಾನುವಾರ ನಾನು ಖಾಲಿ ಚೀಲದಲ್ಲಿ ಹೋದೆ. ಮೇಷ್ಟ್ರು ಏನೂ ಕೇಳದೆ, ಬುಡ ಕೊಳೆಯುವುದನ್ನು ತಡೆಯುವ ಟ್ರೈಕೋಡರ್ಮಾ ಪುಡಿ ಒಂದು ಹಿಡಿ ಕಟ್ಟಿಕೊಟ್ಟರು. "ಗೊಬ್ಬರಕ್ಕೆ ಬೆರೆಸಿ. ಬೆಳಿಗ್ಗೆ ಒಂದೇ ಸಲ ನೀರು. ಮತ್ತೆ ನೀವು ಮಹಡಿಗೆ ಹತ್ತಬೇಡಿ" ಅಂದರು. ಉಳಿದ 30 ಬೀಜ ಹಾಕಿದೆ. ಮಹಡಿಯ ಬೀಗದ ಕೈ ನಮ್ಮನೆಯವಳಿಗೆ ಕೊಟ್ಟೆ. 23 ಹುಟ್ಟಿದವು, 23 ಉಳಿದವು.

ದಸರಾ ಮುಗಿದ ವಾರ. ರಾತ್ರಿ ಹತ್ತು ಗಂಟೆಗೆ ಬೆಂಗಳೂರಿನಿಂದ ಮಗಳ ಫೋನು. ನಾವು ಗಾಬರಿಯಾಗಿ ಎದ್ದೆವು. "ಅಪ್ಪಾ, ಗುಳ್ಳ ಇದ್ಯಾ?"

"ಸಸಿ ಇದೆ ಕಣಮ್ಮ. ನಾಲ್ಕೆಲೆ ಆಗಿದೆ."

"ಕಾಯಿ ಬೇಕು. ಬೋಳು ಹುಳಿ ತಿನ್ಬೇಕು ಅನಿಸ್ತಿದೆ. ಇವತ್ತೇ."

ನಾನು ಪೆದ್ದ, ಸಸಿ ನಾಟಿ ಮಾಡಿದ ಮೇಲೆ ಎಷ್ಟು ದಿನಕ್ಕೆ ಕಾಯಿ ಬರುತ್ತದೆ ಅಂತ ಲೆಕ್ಕ ಹೇಳಲು ಶುರು ಮಾಡಿದೆ. ನಮ್ಮನೆಯವಳು ಫೋನು ಕಿತ್ತುಕೊಂಡು, "ಎಷ್ಟು ದಿನ ಆಯ್ತೇ?" ಅಂದಳು. ಅವಳು ಕೇಳಿದ ದಿನ ಬೇರೆ. ಆ ಕಡೆಯಿಂದ ಮೊದಲು ನಗು, ಆಮೇಲೆ ಅಳು. ಮದುವೆಯಾಗಿ ಆರು ವರ್ಷ ಆಗಿತ್ತು. ಅಷ್ಟು ಹೇಳಿದರೆ ಸಾಕು ಅಲ್ವಾ.

ಆ ಕಾಲದಲ್ಲಿ ಮಟ್ಟುವಿನಲ್ಲೂ ಗುಳ್ಳ ಇರುವುದಿಲ್ಲ. ಅಲ್ಲಿಯವರು ಮಳೆ ಕಡಿಮೆಯಾದ ಮೇಲೆ ಬೆಳೆ ಹಾಕುತ್ತಾರೆ. ಡ್ರೈವರಣ್ಣನಿಗೆ ಫೋನು ಮಾಡಿದರೆ, "ಈಗ ಎಲ್ಲಿ ಮಾರಾಯ್ರೆ, ಡಿಸೆಂಬರ್ ಬರಲಿ" ಅಂದರು. ಬಯಕೆ ಅನ್ನುವುದು ಸೀಸನ್ ನೋಡಿ ಬರುತ್ತದೆಯೇ?

ಇಷ್ಟಾದ ಮೇಲೆ ಬಂದಿದ್ದು ಆ ಭಾನುವಾರ. ಬಾಯಿ ಬಿಡಬೇಡಿ ಅಂತ ಗೇಟಿನವರೆಗೂ ಬಂದು ಹೇಳಿ ಕಳಿಸಿದ್ದಳು. ನಾನು ಬಿಡಲಿಲ್ಲ. ಹವಾಮಾನದ ಬಗ್ಗೆ ಮಾತಾಡಿದೆ. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನದ ಬಗ್ಗೆ ಮಾತಾಡಿದೆ. ಹೊರಡುವಾಗ ಒಂದು ಮಾತು, ಬರೀ ಒಂದು ಮಾತು ಕೇಳಿದೆ: "ಮೇಷ್ಟ್ರೇ, ನಿಮ್ಮ ಬಸಳೆ ಬಳ್ಳಿಯ ಎರಡು ತುಂಡು ಕೊಡ್ತೀರಾ? ಬೆಂಗಳೂರಿಗೆ ಕಳಿಸಬೇಕು."

ಎಲ್ಲರ ಕಾಫಿ ಲೋಟ ಅಲ್ಲಲ್ಲೇ ನಿಂತಿತು. ಏಕೆಂದರೆ ಐದು ವರ್ಷದಿಂದ ಆ ಬಸಳೆಯನ್ನು ನಾನು ಲೋಳೆ ಸೊಪ್ಪು ಅಂತ ಆಡಿಕೊಂಡವನು. ಕೊಟ್ಟಾಗಲೆಲ್ಲ ಬೇಡ ಅಂದವನು. ಮೇಷ್ಟ್ರು ಪುತ್ತೂರು ಕಡೆಯವರು, ಬಸಳೆಯ ವಿಷಯದಲ್ಲಿ ಅವರಿಗೆ ತಮಾಷೆ ಹಿಡಿಸುವುದಿಲ್ಲ.

ದಾಸವಾಳದ ಅಕ್ಕ ಹೊಸ ಕಣ್ಣಿನಲ್ಲಿ ನನ್ನನ್ನೇ ನೋಡಿದರು. "ಬಸಳೆ ಯಾರಿಗೆ?"

"ಮಗಳಿಗೆ. ಸುಮ್ನೆ. ಸೊಪ್ಪು ಒಳ್ಳೇದಂತಲ್ಲ."

"ಎಷ್ಟು ತಿಂಗಳು?"

ನಾನು ಬಾಯಿ ಬಿಟ್ಟೆನೋ ಇಲ್ಲವೋ ಅನ್ನುವುದು ಇವತ್ತಿಗೂ ನಮ್ಮ ಮನೆಯಲ್ಲಿ ವಿಚಾರಣೆಯಲ್ಲಿರುವ ಕೇಸು. ನಾನು ಬರೀ ಎರಡು ಬೆರಳು ತೋರಿಸಿದೆ. ಅದು ಮಾತಲ್ಲ. ಅಕ್ಕ ತಕ್ಷಣ, "ನಾವ್ಯಾರೂ ಏನೂ ಕೇಳಿಲ್ಲ, ಇವರು ಏನೂ ಹೇಳಿಲ್ಲ" ಅಂತ ತೀರ್ಪು ಕೊಟ್ಟರು. ಭಾವ ಇನ್ನೊಂದು ಸುತ್ತು ಕಾಫಿ ಹೇಳಿದರು. ಮೇಷ್ಟ್ರು ಮರುದಿನ ಬೆಳಿಗ್ಗೆ ಮನೆಗೇ ಬಂದರು. ಎರಡು ತುಂಡಲ್ಲ, ಬೇರು ಬಿಟ್ಟ ಆರು ಬಳ್ಳಿ, ಹತ್ತಡಿ ಹುರಿ, ಎರಡು ಬಿದಿರು ಕಡ್ಡಿ. ನಮ್ಮನೆಯವಳು ಬಾಗಿಲಲ್ಲಿ ನಿಂತು ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

15 ಗುಳ್ಳದ ಸಸಿ ಗ್ಯಾಂಗಿಗೆ ಹಂಚಿ ಎಂಟು ನಾನಿಟ್ಟುಕೊಂಡೆ. ದೊಡ್ಡ ಕುಂಡಕ್ಕೆ ನಾಟಿ ಮಾಡಿ, ಬುಡಕ್ಕೆ ಬೇವಿನ ಹಿಂಡಿ. ಸುಳಿ ಮಾತ್ರ ಬಾಡಿದ್ದು ಕಂಡರೆ ಒಳಗೆ ಕೊರಕ ಹುಳ ಇರಬಹುದು, ಇದ್ದರೆ ಆ ತುದಿಯನ್ನು ಅಲ್ಲೇ ಚಿವುಟಿ ತೆಗೆಯಬೇಕು. ಡಿಸೆಂಬರಿನಲ್ಲಿ ನೇರಳೆ ಹೂ ಬಂತು. ಬಂದ ಹಾಗೇ ಉದುರಿತು. ಮೊದಲ ಹೂ, ಎರಡನೆಯದು, ಐದನೆಯದು. ನನಗೆ ಎದೆ ಡವಡವ. ಅಕ್ಕ ಬಂದು ಉದುರಿದ ಹೂವನ್ನು ಅಂಗೈಯಲ್ಲಿಟ್ಟು ತೋರಿಸಿದರು. ಬದನೆಯಲ್ಲಿ ಕೆಲವು ಹೂವಿನ ನಡುವಿನ ಕಡ್ಡಿ ಗಿಡ್ಡ ಇರುತ್ತದೆ, ಅದು ಹಳದಿ ಕೇಸರಗಳ ನಡುವೆ ಹುದುಗಿರುತ್ತದೆ. ಅಂಥವು ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ, ಉದುರುತ್ತವೆ. ಕಡ್ಡಿ ಉದ್ದಕ್ಕೆ ಹೊರಗೆ ಚಾಚಿದ್ದರೆ ಅದು ನಿಲ್ಲುವ ಹೂ. ಎರಡು ತಿಂಗಳ ಹಿಂದೆ ಹಿಟ್ಟು ತಿಗಣೆಯನ್ನು ಬೂದಿ ಅಂದುಕೊಂಡಿದ್ದವರು ಇದನ್ನು ನನಗೆ ತೋರಿಸುತ್ತಿದ್ದಾರೆ!

ಆಮೇಲೆ ಒಂದು ಕಪ್ಪು ದುಂಬಿ ಬರತೊಡಗಿತು. ಹೆಬ್ಬೆರಳಿನಷ್ಟು ದಪ್ಪ, ಮಿರಮಿರ ಮಿಂಚುವಂಥದ್ದು. ಹೂವಿಗೆ ನೇತುಬಿದ್ದು ಮೈ ನಡುಗಿಸಿ ಝುಂಯ್ ಅನ್ನುತ್ತದೆ, ಪರಾಗ ಉದುರುತ್ತದೆ. ಬದನೆಗೆ ಹೀಗೆ ಅಲ್ಲಾಡಿಸುವವರೇ ಬೇಕು. ಥೇಟ್ ನಮ್ಮ ಹಳೇ ಬಸ್ಸು ಸ್ಟಾರ್ಟ್ ಆದ ಸದ್ದು. ನಾನು ಕುರ್ಚಿ ಹಾಕಿಕೊಂಡು ಕೇಳುತ್ತಾ ಕೂತೆ.

ಸಂಕ್ರಾಂತಿಗೆ ಎರಡು ದಿನ ಮುಂಚೆ ಮೂರು ಗುಳ್ಳ ಕೊಯ್ದೆ. ಅಷ್ಟೊತ್ತಿಗೆ ಮಗಳಿಗೆ ಐದು ತಿಂಗಳು, ಎಲ್ಲರಿಗೂ ಹೇಳಬಹುದಾದ ಸುದ್ದಿ. ಎಳ್ಳುಬೆಲ್ಲ, ಕಬ್ಬು, ಬಸಳೆಯ ಕಟ್ಟು, ಕೈಚೀಲದಲ್ಲಿ ಗುಳ್ಳ. ಕೆಂಪು ಬಸ್ಸು ಹತ್ತಿದೆವು. ನಮ್ಮನೆಯವಳು ಆಧಾರ್ ತೋರಿಸಿ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ತೆಗೆದುಕೊಂಡು, "ನಂದು ಫ್ರೀ. ನಿಮ್ದೂ ಗುಳ್ಳದ್ದೂ ಮಾತ್ರ ದುಡ್ಡು" ಅಂದಳು. ಕಂಡಕ್ಟರ್ ಚಿಕ್ಕ ಹುಡುಗಿ. ಸೆಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವರೆಗೂ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಅವಳು ಎರಡು ಸಲ ಕೇಳಿದಳು, "ಅಂಕಲ್, ಏನು ಅದರಲ್ಲಿ, ಮೊಟ್ಟೆನಾ?"

ಅಂದು ಮಧ್ಯಾಹ್ನ ಬೋಳು ಹುಳಿ ಆಯಿತು. ಮಗಳು ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು.

"ಚೆನ್ನಾಗಿದೆ ಅಪ್ಪಾ. ಆದ್ರೆ ಆವತ್ತಿನ ರುಚಿ ಅಲ್ಲ."

ಇರಲಿಕ್ಕಿಲ್ಲ. ಮಟ್ಟುವಿನ ಮಣ್ಣಿನ ಪಕ್ಕದಲ್ಲಿ ಸಮುದ್ರ ಇದೆ. ನನ್ನ ಕುಂಡದಲ್ಲಿ ಇರುವುದು ಕುವೆಂಪುನಗರದ ಮಣ್ಣು. ಬೇರೆ ಕಡೆ ಬೆಳೆದರೆ ಆ ರುಚಿ ಬರುವುದಿಲ್ಲ ಅಂತ ಡ್ರೈವರಣ್ಣ ಮೊದಲೇ ಹೇಳಿದ್ದರು. ಹಾಗಂತ ಅವಳು ಬಿಟ್ಟಳಾ? ಎರಡು ಸಲ ಅನ್ನ ಹಾಕಿಸಿಕೊಂಡಳು, ಆರು ವರ್ಷದವಳಿದ್ದಾಗಿನ ಹಾಗೇ. ಅಳಿಯಂದಿರಿಗೆ ಪಾತ್ರೆಯ ತಳದ್ದು ಸಿಕ್ಕಿತು.

ಬಾಲ್ಕನಿಯಲ್ಲಿ ಮೇಷ್ಟ್ರ ಬಸಳೆ ಹುರಿ ಹಿಡಿದು ಕಿಟಕಿಯವರೆಗೆ ಹತ್ತಿದೆ. ಫೋಟೋ ತೆಗೆದು ಅವರಿಗೆ ಕಳಿಸಿದೆ. ಲೋಳೆ ಸೊಪ್ಪು ಅಂತ ಬರೆಯಲಿಲ್ಲ.

ಒಂದು ಗಿಡದಲ್ಲಿ ಒಂದು ಕಾಯಿಯನ್ನು ದಾರ ಕಟ್ಟಿ ಬಿಟ್ಟಿದ್ದೇನೆ, ಬೀಜಕ್ಕೆ. ಈಗ ಮೆಲ್ಲಗೆ ಹಳದಿಗೆ ತಿರುಗುತ್ತಿದೆ. ಮಾರ್ಚಿನಲ್ಲಿ ಸೀಮಂತ. ಬಂದವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಸಸಿ ಕೊಡುವುದು ಅಂತ ಗ್ಯಾಂಗ್ ತೀರ್ಮಾನ ಮಾಡಿದೆ. ನನ್ನನ್ನು ಕೇಳಲಿಲ್ಲ. ಅಕ್ಕನ ಮನೆಯ ಜಗುಲಿ ಪೂರ್ತಿ ಹಾಲಿನ ಪ್ಯಾಕೆಟ್ಟು.

ನಿನ್ನೆ ರಾತ್ರಿ ಹತ್ತು ಗಂಟೆಗೆ ಮತ್ತೆ ಫೋನು ಬಂತು. "ಅಪ್ಪಾ, ಹುಳಿ ಮಾವಿನಕಾಯಿ, ಉಪ್ಪು ಖಾರ ಹಚ್ಚಿ..."

ಬೆಳಿಗ್ಗೆ ಎದ್ದವನೇ ಕರಿಬೇವಿನ ಭಾವನ ಹಿತ್ತಲಿಗೆ ಹೋದೆ. ಇಬ್ಬರೂ ಮಾವಿನ ಮರದ ಕೆಳಗೆ ನಿಂತು ಕತ್ತೆತ್ತಿ ನೋಡಿದೆವು. ಮರದ ತುಂಬ ಹೂವಿದೆ. ಕಾಯಿ ಇನ್ನೂ ಸಾಸಿವೆ ಗಾತ್ರ.