ಕ್ಲೌಡ್ ಚೇಂಬರ್: ಉಪ್ಪು ಹಾಕಿ ನೋಡಿದ ಮೇಲೆ ಗೆರೆ ಬಿತ್ತು

ಅಂತೂ ಕ್ಲೌಡ್ ಚೇಂಬರ್‌ನಲ್ಲಿ, ಅಂದರೆ ಕಣ ಹಾದುಹೋದ ದಾರಿ ಮಂಜಿನ ಗೆರೆಯಾಗಿ ಕಾಣುವ ತೊಟ್ಟಿಯಲ್ಲಿ, ಮ್ಯೂಯಾನ್ ಗೆರೆ ಕಾಣಿಸಿತು! ಮ್ಯೂಯಾನ್ ಅಂದರೆ ಆಕಾಶದಿಂದ ಸುರಿಯುವ ಒಂದು ಸೂಕ್ಷ್ಮ ಕಣ. ಬಿ.ಎ., ಬಿ.ಕಾಂ. ಓದುವವರಿಗೂ ಐನ್‌ಸ್ಟೈನ್ ತಲುಪಬೇಕು, ಅದೂ ಸಮೀಕರಣ ಬರೆಯದೆ, ಕಣ್ಣಿಗೆ ತೋರಿಸಿ. ಇದು ನನ್ನ ಹಟ. ಗಾಜಿನ ತೊಟ್ಟಿ, ಮೇಲೆ ಆಲ್ಕೋಹಾಲಿನಲ್ಲಿ ನೆನೆಸಿದ ಫೆಲ್ಟ್ ಬಟ್ಟೆ, ತಳಕ್ಕೆ ಕಪ್ಪು ತಗಡು, ಅದರ ಕೆಳಗೆ ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್), ಪಕ್ಕದಿಂದ ಎಲ್‌ಇಡಿ, ಇಷ್ಟೇ ಸಾಮಾನು.

ಗೋಳಾಡಿಸಿದ್ದು ತಗಡಿನ ಮೇಲೆ ಕಟ್ಟುತ್ತಿದ್ದ ಹಿಮ. ಡ್ರೈ ಐಸ್ ಮೇಲೆ ಇಟ್ಟು ಸ್ವಲ್ಪ ಹೊತ್ತಿಗೆಲ್ಲ ಕಪ್ಪು ತಗಡು ಬೆಳ್ಳಗಾಗುತ್ತಿತ್ತು. ಮಂಜು ಸುರಿಯುತ್ತದೆ, ಗೆರೆ ಇಲ್ಲ. ಮುಚ್ಚಳದ ಸಂದಿಗೆಲ್ಲ ಜೇಡಿಮಣ್ಣು ಮೆತ್ತಿದೆ. ತಗಡು ಬದಲಿಸಿದೆ. ಡ್ರೈ ಐಸ್ ಮೈನಸ್ 78 ಡಿಗ್ರಿ, ತಂಪು ಸಾಲದು ಅನ್ನುವಂತಿಲ್ಲ. ಅದನ್ನು ತರಿಸುವುದೇ ಒಂದು ಸಂಕಟ: ಬೆಂಗಳೂರಿನಿಂದ ಬರುವಷ್ಟರಲ್ಲಿ ಥರ್ಮೋಕೋಲ್ ಪೆಟ್ಟಿಗೆ ಅರ್ಧ ಖಾಲಿ!

ಅನುಮಾನಕ್ಕೆ ಉಳಿದದ್ದು ಫೆಲ್ಟಿಗೆ ಹಾಕುವ ಐಸೋಪ್ರೊಪೈಲ್ ಆಲ್ಕೋಹಾಲ್: ಅದರಲ್ಲಿ ನೀರಿದ್ದರೆ ಅದೇ ತಗಡಿನ ಮೇಲೆ ಹಿಮವಾಗುತ್ತದೆ. ಬಾಟಲಿ ಮೇಲೆ ಶೇ. 99 ಅಂತ ದಪ್ಪಕ್ಷರದಲ್ಲಿದೆ. ಒಂದು ಟೆಸ್ಟ್ ಟ್ಯೂಬಿಗೆ ಹಾಕಿ, ಪುಡಿ ಉಪ್ಪು ಸುರಿದು ಚೆನ್ನಾಗಿ ಕುಲುಕಿದೆ. ಶುದ್ಧವಾಗಿದ್ದರೆ ಉಪ್ಪು ಕರಗದೆ ತಳದಲ್ಲಿ ಕೂರಬೇಕು. ನೀರು ಸಾಕಷ್ಟಿದ್ದರೆ ಉಪ್ಪು ಆ ನೀರನ್ನು ಎಳೆದುಕೊಂಡು ಕೆಳಗೆ ಬೇರೆ ಪದರ ಮಾಡುತ್ತದೆ. ಸ್ವಲ್ಪ ಹೊತ್ತು ಬಿಟ್ಟೆ. ನಡುವೆ ಸಣ್ಣ ಗೆರೆ ಎದ್ದಿತು, ಮೇಲೊಂದು ಪದರ, ಕೆಳಗೊಂದು. ನೀರು ಬೆರೆಸಿ 99 ಅಂತ ಮಾರುವುದು ಮೋಸ ಅಲ್ವಾ? ಬೇರೆ ಕಡೆಯಿಂದ ತರಿಸಿದೆ, ಮೊದಲು ಉಪ್ಪು ಹಾಕಿಯೇ ನೋಡಿದೆ. ಆಮೇಲೆ ತಗಡು ಕಪ್ಪಾಗೇ ಉಳಿಯಿತು.

ತೊಟ್ಟಿಯಲ್ಲಿ ದಪ್ಪಗೆ, ಗಿಡ್ಡಗೆ ಬರುವ ಗೆರೆ ಆಲ್ಫಾ ಕಣದ್ದು, ಗಾಳಿಯಲ್ಲಿರುವ ರೇಡಾನ್ ಎಂಬ ವಿಕಿರಣಶೀಲ ಅನಿಲದಿಂದ ಬಂದದ್ದು. ಸೊಟ್ಟಗೆ ಅಲೆಯುವುದು ಎಲೆಕ್ಟ್ರಾನ್. ನೂಲೆಳೆದಂತೆ ಉದ್ದಕ್ಕೆ, ನೇರಕ್ಕೆ ಬರುವುದು ಹೆಚ್ಚಾಗಿ ಮ್ಯೂಯಾನ್. ಬಿ.ಕಾಂ. ಹುಡುಗಿಯೊಬ್ಬಳು "ಸರ್, ಇದು ಯಾವಾಗಲೂ ನಮ್ಮ ಮೈಮೇಲೆ ಬೀಳ್ತಾನೇ ಇರುತ್ತಾ?" ಅಂದಳು. ಹೌದು, ಅಂಗೈ ಚಾಚಿದರೆ ಸೆಕೆಂಡಿಗೆ ಸುಮಾರು ಒಂದು.

ಅಲ್ಲಿಂದ ಪಾಠ ತಾನಾಗೇ ನಡೆಯಿತು. ಮ್ಯೂಯಾನ್ ಹುಟ್ಟುವುದು ಸುಮಾರು 15 ಕಿ.ಮೀ. ಮೇಲೆ. ಸರಾಸರಿ ಆಯಸ್ಸು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ 2.2 ಭಾಗ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ ದಾಟುವುದು 660 ಮೀಟರ್. ಹಾಗಾದರೆ ತೊಟ್ಟಿಗೆ ಬಂದದ್ದು ಹೇಗೆ? ಲೆಕ್ಕ ಬಿ.ಕಾಂ.ನವರೇ ಹಾಕಿದರು. ಐನ್‌ಸ್ಟೈನ್ ಹೇಳಿದಂತೆ, ಬೆಳಕಿನ ವೇಗದ ಶೇ. 99.97ರಲ್ಲಿ ಓಡುವ ಮ್ಯೂಯಾನ್‌ನ ಗಡಿಯಾರ ನಮಗೆ ಸುಮಾರು 40 ಪಟ್ಟು ನಿಧಾನ ಕಾಣುತ್ತದೆ. 660 ಗುಣಿಸು 40, ಅಂದರೆ 26 ಕಿ.ಮೀ. ದಾಟಿತು! ಕೋಲಾರದ ಚಿನ್ನದ ಗಣಿಯ ವಿಷಯವನ್ನೂ ಹೇಳಿದೆ. ಮೇಲಿನ ಬಂಡೆ ಮ್ಯೂಯಾನ್‌ಗಳನ್ನು ತಡೆಯುತ್ತದೆ ಅಂತಲೇ ನೆಲದಡಿ ಸುಮಾರು 2.3 ಕಿ.ಮೀ. ಆಳದಲ್ಲಿ ಉಪಕರಣ ಇಟ್ಟು, 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ, ಅಂದರೆ ಬಂಡೆಯನ್ನೂ ತೂರಿ ಬರುವ ಕಣ, ಹಿಡಿದರು. ನಮ್ಮ ಜಿಲ್ಲೆಗಳ ಮಕ್ಕಳಿಗೆ ಇದನ್ನು ಯಾರೂ ಹೇಳಿಲ್ಲ.

ಮುಂದಿನದು ಹಾರ್ನ್ ಆಂಟೆನಾ. ಥರ್ಮೋಕೋಲ್ ಹಾಳೆಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ) ಸಿಕ್ಕಿಸಿ, 1420 ಮೆಗಾಹರ್ಟ್ಸ್‌ನಲ್ಲಿ ಹೈಡ್ರೋಜನ್‌ನ ರೇಡಿಯೊ ಗೆರೆ ಕೇಳಬೇಕು. ಆಕಾಶಗಂಗೆಯ ತೋಳುಗಳು ನಮ್ಮತ್ತ ಬರುತ್ತಿವೆಯೋ, ದೂರ ಹೋಗುತ್ತಿವೆಯೋ ಆ ಗೆರೆ ಸರಿದದ್ದರಲ್ಲೇ ಗೊತ್ತಾಗುತ್ತದೆ. ವಿಶ್ವ ಹಿಗ್ಗುವ ಮಾತು ಆಮೇಲೆ ಎತ್ತಬಹುದು. ಹಾರ್ನ್‌ನ ಬುಡಕ್ಕೆ ಒಂದು ತಗಡಿನ ಡಬ್ಬ ಬೇಕು. 15 ಕೆ.ಜಿ. ಎಣ್ಣೆ ಡಬ್ಬದ ಅಗಲ ಇದಕ್ಕೆ ಜಾಸ್ತಿ. 5 ಲೀಟರಿನ ಚೌಕ ಥಿನ್ನರ್ ಡಬ್ಬ ಹುಡುಕುತ್ತಿದ್ದೇನೆ.