ಶುಕ್ರವಾರ ಸಂಜೆ ಐದರೊಳಗೆ

ಅಕ್ಟೋಬರ್ 30, 2024, ಬುಧವಾರ
ಎಡಿಸನ್, ನ್ಯೂಜೆರ್ಸಿ

ಆರ್ಗ್ಯಾನಿಕ್ ಕೆಮಿಸ್ಟ್ರಿಯ ಎರಡನೆಯ ಮಿಡ್‌ಟರ್ಮ್‌ನಲ್ಲಿ ನೂರಕ್ಕೆ 54 ಬಂದಿದೆ. ಮೊದಲನೆಯದರಲ್ಲಿ 61 ಇತ್ತು. ಉಳಿದ ಪರೀಕ್ಷೆಗಳನ್ನು ಎಷ್ಟೇ ಚೆನ್ನಾಗಿ ಬರೆದರೂ ಕೊನೆಗೆ ಸಿಗುವುದು ಸಿ ಗ್ರೇಡ್, ಬಹಳವೆಂದರೆ ಅದರ ಪಕ್ಕದಲ್ಲೊಂದು ಪ್ಲಸ್. ಕೋರ್ಸನ್ನು ಬಿಡುವುದಿದ್ದರೆ ನಾಡಿದ್ದು ಶುಕ್ರವಾರ ಸಂಜೆ ಐದರೊಳಗೆ ಬಿಡಬೇಕು. ಬಿಟ್ಟರೆ ಅಂಕಪಟ್ಟಿಯಲ್ಲಿ ಗ್ರೇಡಿನ ಜಾಗದಲ್ಲಿ ಡಬ್ಲ್ಯೂ ಎಂಬ ಒಂದೇ ಅಕ್ಷರ ಕೂರುತ್ತದೆ.

ಹಾಸನದಲ್ಲಿ ನಾಲ್ಕು ವರ್ಷ ಓದಿ ಪಡೆದ ಬಿ.ಇ. ಅಂಕಗಳು ಇಲ್ಲಿನ ಮೆಡಿಕಲ್ ಕಾಲೇಜುಗಳಿಗೆ ಹಾಕುವ ಅಮ್‌ಕಾಸ್ ಅರ್ಜಿಯ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿಯ, ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ, ನನ್ನ ಬಳಿ ಇರುವುದು ಜನರಲ್ ಕೆಮಿಸ್ಟ್ರಿ ಮತ್ತು ಬಯಾಲಜಿಯ 16 ಕ್ರೆಡಿಟ್ ಮಾತ್ರ. ಎಲ್ಲವೂ ಎ, ಅಂದರೆ 4.0. ಇದಕ್ಕೆ ನಾಲ್ಕು ಕ್ರೆಡಿಟ್‌ನ ಒಂದು ಸಿ, ಅಂದರೆ 2.0, ಸೇರಿದರೆ ಅದು ಒಂದೇ ಏಟಿಗೆ 3.6ಕ್ಕೆ ಇಳಿಯುತ್ತದೆ. ಮುಂದೆ ಇದೇ ಕೋರ್ಸನ್ನು ಮತ್ತೆ ಓದಿ ಎ ತೆಗೆದರೂ ಹಳೆಯ ಸಿ ಅಳಿಸಿಹೋಗುವುದಿಲ್ಲ, ಎರಡನ್ನೂ ಎಣಿಸುತ್ತಾರೆ. ಡಬ್ಲ್ಯೂಗೆ ಆ ಲೆಕ್ಕದಲ್ಲಿ ತೂಕವಿಲ್ಲ. ಆದರೆ ಬಿಟ್ಟರೆ ಆರ್ಗ್ಯಾನಿಕ್‌ನ ಎರಡನೆಯ ಭಾಗಕ್ಕೆ ಜನವರಿಯಲ್ಲಿ ಸೇರಲಾಗುವುದಿಲ್ಲ, ಎಲ್ಲವೂ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ನನಗೀಗ 34.

ಇವರನ್ನು ಕೇಳಿದರೆ "ನಿನಗೆ ಸರಿ ಕಂಡಂತೆ ಮಾಡು" ಎಂದರು. ಸರಿ ಯಾವುದೆಂದು ಕಂಡಿದ್ದರೆ ಇವರನ್ನೇಕೆ ಕೇಳುತ್ತಿದ್ದೆ?

ರಾತ್ರಿ ಒಂಬತ್ತೂವರೆಗೆ ಊರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ನರಕ ಚತುರ್ದಶಿಯ ಬೆಳಗಿನ ಏಳು ಗಂಟೆ. ಎಣ್ಣೆಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡೇ ಮಾವ ಫೋನಿನ ಮುಂದೆ ಬಂದು ಕುಳಿತರು. ಮೂವತ್ತು ವರ್ಷ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವರು. ಸಿ, ಡಬ್ಲ್ಯೂ, 3.6 ಎಂದು ನಾನು ಹೇಳುತ್ತಲೇ ಇದ್ದೆ, ಅವರು ಅದಾವುದನ್ನೂ ಕಿವಿಗೆ ಹಾಕಿಕೊಳ್ಳದೆ, "ಅದಿರಲಿ, ಯಾವ ಪ್ರಶ್ನೆ ತಪ್ಪಾಯ್ತಮ್ಮಾ?" ಎಂದು ಕೇಳಿದರು. ಇಷ್ಟು ದಿನಗಳಲ್ಲಿ ಹೀಗೆ ಕೇಳಿದವರು ಮಾವ ಒಬ್ಬರೇ.

2-ಬ್ರೋಮೋಬ್ಯೂಟೇನ್ ಮೇಲೆ ಸಯನೈಡ್ ವರ್ತಿಸುವ ಎಸ್‌ಎನ್‌-2 ಪ್ರಶ್ನೆ ಎಂದೆ. ಇಂಗಾಲದಿಂದ ಬ್ರೋಮಿನ್ ಹೊರಟು, ಅದರ ಬದಲು ಸಯನೈಡ್ ಬಂದು ಸೇರುವ ಕ್ರಿಯೆ ಅದು. ಅಣುಗಳನ್ನು ಜೋಡಿಸಿ ನೋಡುವ ಮಾಡೆಲ್ ಕಿಟ್ ತೆಗೆದು, ಇಂಗಾಲದ ಕಪ್ಪು ಗುಂಡಿಗೆ ನಾಲ್ಕು ಕಡ್ಡಿ ಸಿಕ್ಕಿಸಿ, ಬ್ರೋಮಿನ್ ಎಂದಿಟ್ಟುಕೊಂಡ ಹಸಿರು ಗುಂಡನ್ನು ಕಿತ್ತು, ಸಯನೈಡ್ ಎಂದು ನೀಲಿಯದನ್ನು ಹಾಕಿ ಕ್ಯಾಮೆರಾದ ಮುಂದೆ ಹಿಡಿದೆ. ಮಾವ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಹಸಿರು ಹೋದ ತೂತಿಗೇ ನೀಲಿಯನ್ನು ಹಾಕಿದೆಯಲ್ಲಮ್ಮ. ಅದು ಬರುವುದು ಹಿಂಬಾಗಿಲಿನಿಂದ ಅಲ್ಲವೇ?"

ಹೌದು. ಹಿಂದಿನಿಂದ ಬರುತ್ತದೆ, ಉಳಿದ ಮೂರು ಕಡ್ಡಿಗಳೂ ಗಾಳಿಗೆ ಸಿಕ್ಕ ಛತ್ರಿಯಂತೆ ಮಗುಚಿಕೊಳ್ಳುತ್ತವೆ. ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಆದರೆ ಈ ಪ್ಲಾಸ್ಟಿಕ್ ಇಂಗಾಲಕ್ಕೆ ಹಿಂದುಗಡೆ ತೂತೇ ಇಲ್ಲ. ಎರಡು ತಿಂಗಳಿಂದ ಇದನ್ನೇ ತಿರುಗಿಸುತ್ತಾ ಓದಿದ ಕೈ, ಪರೀಕ್ಷೆಯಲ್ಲೂ ಬ್ರೋಮಿನ್ ಇದ್ದ ಗೆರೆಯ ತುದಿಗೇ ಸಯನೈಡ್ ಬರೆದು ಬಂದಿದೆ. ಆರು ಅಂಕ. ನಗು ಬಂತು, ಹಿಂದೆಯೇ ಅಳುವೂ ಬಂತು. ಮಾವ ನೋಡದವರಂತೆ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡರು.

"ಬಿಡುವುದು ಬಿಡದಿರುವುದು ನಿನಗೆ ಸೇರಿದ್ದು. ಆದರೆ ಆ ಹೋದ 46 ಅಂಕಗಳಲ್ಲಿ ಗೊತ್ತಿಲ್ಲದೆ ಹೋದದ್ದೆಷ್ಟು, ಗೊತ್ತಿದ್ದೂ ಹೋದದ್ದೆಷ್ಟು, ಎಣಿಸಿದ್ದೀಯಾ?"

ಎಣಿಸಿರಲಿಲ್ಲ. ಉತ್ತರಪತ್ರಿಕೆಯನ್ನು ಬ್ಯಾಗಿನಿಂದ ಹೊರಗೇ ತೆಗೆದಿರಲಿಲ್ಲ. ಡಬ್ಲ್ಯೂ ನೋಡಿದವರು ಏನೆಂದುಕೊಳ್ಳುತ್ತಾರೆ ಎಂದು ಎಲ್ಲರನ್ನೂ ಕೇಳುತ್ತಾ ತಿರುಗಿದ್ದೆ.

ಈಗ ಹನ್ನೊಂದೂಕಾಲು. ಮಗಳ ಬಣ್ಣದ ಪೆನ್ಸಿಲ್‌ಗಳನ್ನು ಇಟ್ಟುಕೊಂಡು ಕುಳಿತಿದ್ದೇನೆ. ಗೊತ್ತಿಲ್ಲದ್ದಕ್ಕೆ ಕೆಂಪು, ಗೊತ್ತಿದ್ದೂ ಹೋದದ್ದಕ್ಕೆ ಹಸಿರು. ನಾಲ್ಕನೆಯ ಪ್ರಶ್ನೆಯವರೆಗೆ ಕೆಂಪು 9, ಹಸಿರು 14. ಐದನೆಯದು ಚೇರ್ ಕಾನ್ಫರ್ಮೇಶನ್, ಇಂಗಾಲದ ಉಂಗುರವನ್ನು ಕುರ್ಚಿಯ ಆಕಾರದಲ್ಲಿ ಬರೆಯುವುದು. ಇಲ್ಲಿ ನಾನು ಒಂದು ಬಾರಿ ಸರಿಯಾಗಿ ಬರೆದು, ಆಮೇಲೆ ಅದನ್ನೇ ಹೊಡೆದುಹಾಕಿದ್ದೇನೆ. ಇದಕ್ಕೆ ಯಾವ ಬಣ್ಣ ಹಾಕಬೇಕೋ