ದರಕಿನ ದಾರಿ, ಜಿಪಿಎಸ್ ಬಾಣ

ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಿನಲ್ಲಿ ನಡೆದುಹೋಗುವ ಬಗ್ಗೆ ಬೇಕಾದಷ್ಟು ಜನ ಬರೆದಾಗಿದೆ. ಅಘನಾಶಿನಿಯಿಂದ ತದಡಿಗೆ ದೋಣಿಯಲ್ಲಿ ದಾಟುವುದು ಚೆಂದ. ಓಂ ಬೀಚಿನಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ಕಡೆಯಿಂದ ಇಷ್ಟು ಸಾಕು. ಅಲ್ಲಿ ಜಿಪಿಎಸ್‌ಗೂ ದೊಡ್ಡ ಕೆಲಸವಿಲ್ಲ. ಎಡಗಡೆ ಸಮುದ್ರ ಇದ್ದರೆ ನೀವು ಉತ್ತರಕ್ಕೆ ಹೋಗ್ತಾ ಇದ್ದೀರಿ, ಅಲ್ವಾ?

ಆದರೂ ಕಡಲೆ ಬೀಚಿನಲ್ಲಿ ಒಂದು ಕೆಲಸ ಮಾಡಿಕೊಂಡೆ. ನನ್ನ ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಗಾರ್ಮಿನ್ ಇಟ್ರೆಕ್ಸ್ 32ಎಕ್ಸ್‌ನಲ್ಲಿ ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಆಲ್ಟಿಮೀಟರ್ ಇದೆ. ಸರಿಯಾಗಿ ಗೊತ್ತಿರುವ ಒಂದು ಎತ್ತರವನ್ನು ಅದಕ್ಕೆ ಮೊದಲು ನಾವೇ ಹೇಳಿಕೊಡಬೇಕು. ಅಲೆ ಬಂದು ಕಾಲಿಗೆ ತಾಗುವಲ್ಲಿ ನಿಂತು ಸೊನ್ನೆ ಎಂದು ಒತ್ತಿದೆ. ಇದಕ್ಕಿಂತ ಖಾತ್ರಿಯ ಜಾಗ ಇನ್ನೆಲ್ಲಿ ಸಿಗುತ್ತದೆ? ಒತ್ತಡ ಒಂದು ಮಿಲಿಬಾರ್ ಬದಲಾದರೆ ಲೆಕ್ಕ ಸುಮಾರು 8 ಮೀಟರ್ ಆಚೀಚೆ ಆಗುತ್ತದೆ. ಹಾಗಾಗಿ ಮೋಡ ಕಟ್ಟಿದ ದಿನ ಮತ್ತೆ ಸರಿಮಾಡಿಕೊಳ್ಳಬೇಕು.

ಮಾರನೇ ದಿನ ದೇವಿಮನೆ ಘಾಟಿ ಹತ್ತಿದೆವು. ಯಾಣಕ್ಕೂ ಹೋಗಿಬಂದೆವು. ರೊಕ್ಕ ಇದ್ದವ ಗೋಕರ್ಣಕ್ಕೆ, ಸೊಕ್ಕು ಇದ್ದವ ಯಾಣಕ್ಕೆ ಅಂತಾರೆ. ಈಗ ಮೆಟ್ಟಿಲು ಕಟ್ಟಿದ ಮೇಲೆ ಸೊಕ್ಕಿನ ಅಗತ್ಯವೇನೂ ಕಾಣಲಿಲ್ಲ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ಮಾತ್ರ ಜಿಪಿಎಸ್ ತಬ್ಬಿಬ್ಬಾಯಿತು. ಉಪಗ್ರಹದ ಸಂಕೇತ ಬಂಡೆಗೆ ಬಡಿದು ತಿರುಗಿ ಬಂದರೆ ಅದು ದೂರವನ್ನು ತಪ್ಪಾಗಿ ಎಣಿಸುತ್ತದೆ. ನಾವು ನಿಂತಲ್ಲೇ ನಿಂತಿದ್ದೆವು, ತೆರೆಯ ಮೇಲಿನ ಬಾಣ ಮಾತ್ರ ಕುಣಿಯುತ್ತಿತ್ತು.

ಮೂರನೇ ದಿನದ್ದೇ ಮುಖ್ಯ ಕಥೆ. ಅಘನಾಶಿನಿ ಕಣಿವೆಯಲ್ಲಿ ಒಂದು ಸಣ್ಣ ಜಲಪಾತ ಇದೆ ಅಂತ ಕೇಳಿದ್ದೆವು. ನಮಗೆ ವಸತಿ ಮಾಡಿಕೊಟ್ಟವರು ಜಾಗದ ಅಕ್ಷಾಂಶ, ರೇಖಾಂಶ ಕಳಿಸಿದರು. ಬರೀ ಅಂಕಿಗಳು. 14 30 45 ಅನ್ನುವ ತರಹ. ಚುಕ್ಕಿ ಇಲ್ಲ, ಚಿಹ್ನೆ ಇಲ್ಲ. ಸೆಟ್ಟಿಂಗ್ ಬದಲಿಸದ ಗಾರ್ಮಿನ್ ಮೊದಲು ಡಿಗ್ರಿ, ಆಮೇಲೆ ದಶಮಾಂಶದ ನಿಮಿಷ ಕೇಳುತ್ತದೆ. ಅಂದರೆ 30.45 ನಿಮಿಷ. ಅವರ ಮನಸ್ಸಿನಲ್ಲಿದ್ದದ್ದು 30 ನಿಮಿಷ 45 ಸೆಕೆಂಡು, ಅಂದರೆ 30.75 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ ಸುಮಾರು 1.85 ಕಿಲೋಮೀಟರ್. ಲೆಕ್ಕ ಹಾಕಿ, ಅರ್ಧ ಕಿಲೋಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಬಯಲುಸೀಮೆಯಲ್ಲಾದರೆ ಅಷ್ಟು ದೂರ ಕಣ್ಣಿಗೇ ಕಾಣುತ್ತದೆ. ಘಟ್ಟದಲ್ಲಿ ಅದು ಬೇರೆಯದೇ ಹಳ್ಳ. ಫೋನ್ ಮಾಡಿದರೆ "ಎಲ್ರಿಗೂ ಇದನ್ನೇ ಕಳಿಸೂದು, ಎಲ್ರೂ ಹೋಗಿದ್ದಾರೆ" ಅಂದರು. ನನಗಿನ್ನೂ ಸಿಟ್ಟಿದೆ. ಯಾರಾದರೂ ಅಂಕಿ ಕಳಿಸಿದರೆ ಡಿಗ್ರಿಯಾ, ನಿಮಿಷವಾ, ಸೆಕೆಂಡಾ ಅಂತ ಕೇಳಿಯೇ ಹೊರಡಿ. ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಪೊಸಿಷನ್ ಫಾರ್ಮ್ಯಾಟ್ ಅಂತ ಇರುತ್ತದೆ, ಅಲ್ಲಿ ಬದಲಾಯಿಸಿಕೊಳ್ಳಬಹುದು.

ಹಾಗೆ ಬಾಣ ನಮ್ಮನ್ನು ತಂದು ನಿಲ್ಲಿಸಿದ್ದು ಒಂದು ಅಡಿಕೆ ತೋಟದ ಅಗಳದ (ಸುತ್ತ ತೋಡಿದ ಕಂದಕದ) ಮುಂದೆ. ಮೇಲೆ ಹಂಚಿನ ಮನೆ. ಜಗಲಿಯಲ್ಲಿ ಅಜ್ಜ ಒಬ್ಬರು ಕವಳ ಹಾಕುತ್ತಾ ಕೂತಿದ್ದರು. ಜಲಪಾತ ಎಲ್ಲಿ ಅಂತ ಕೇಳುವ ಮೊದಲೇ "ಬನ್ನಿ, ಆಸರಿಗೆ ಎಂತ ಕುಡೀತೀರಿ?" ಅಂದರು. ಮುರುಗಲ ಪಾನಕ ಬಂತು.

"ಅದು ಮೊಬೈಲಾ?"

"ಅಲ್ಲ ಅಜ್ಜ, ಜಿಪಿಎಸ್. ದಾರಿ ತೋರಿಸ್ತದೆ."

"ಕೊಡಿ ಕಾಣ್ವ."

ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಹಾಕಿಕೊಂಡು ಹೋಗಿದ್ದೆ. ಅಜ್ಜ ಕನ್ನಡಕ ಹಣೆಗೇರಿಸಿ, ಯಂತ್ರವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ತೋಟದ ಹಿಂದಿನಿಂದ ಕಾಡಿಗೆ ಹೋಗುವ ಒಂದು ಚುಕ್ಕಿ ಗೆರೆ ಇತ್ತು. ನಾವು ಹೋಗಬೇಕೆಂದುಕೊಂಡದ್ದು ಅದರಲ್ಲೇ.

"ಇದು ನಮ್ಮ ಬೆಟ್ಟದ ದಾರಿ. ದರಕು ತರೂದು."

"ಇದರಲ್ಲಿ ಹೋದ್ರೆ ಎಲ್ಲಿಗೆ ಹೋಗ್ತೇವೆ?"

"ಎಲ್ಲಿಗೂ ಇಲ್ಲ ಮಾರಾಯ್ರೆ. ದರಕು ಸಿಗುವಲ್ಲಿ ಮುಗೀತದೆ."

ಈ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಅಂತ ಇರುತ್ತದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ, ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಹಸಿ ಸೊಪ್ಪು, ದರಕು ಅಂದರೆ ಒಣ ಎಲೆ, ಎಲ್ಲ ಅಲ್ಲಿಂದ ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ. ಆ ಓಡಾಟದಲ್ಲಿ ಬಿದ್ದ ದಾರಿಗಳೇ ಕಾಡಿನ ತುಂಬ ಇವೆ. ನಕ್ಷೆಯಲ್ಲಿ ಎಲ್ಲಕ್ಕೂ ಒಂದೇ ಚುಕ್ಕಿ ಗೆರೆ. ನೆಲದ ಮೇಲೆ ಗುರುತು ಹಿಡಿಯುವುದನ್ನು ಅಜ್ಜ ಹೇಳಿಕೊಟ್ಟರು. ದರಕಿನ ದಾರಿ ಮನೆ ಹತ್ತಿರ ಅಗಲ, ಮುಂದೆ ಹೋದಂತೆ ಕವಲಾಗಿ ತೆಳ್ಳಗಾಗುತ್ತದೆ. ಊರಿಂದೂರಿಗೆ ಹೋಗುವ ದಾರಿ ನಡುಗಾಡಿನಲ್ಲೂ ತೆಳ್ಳಗಾಗುವುದಿಲ್ಲ, ಬೇಲಿ ಬಂದಲ್ಲಿ ದಾಟಲು ದಣಪೆ (ಅಡ್ಡಗಳುಗಳ ಗೇಟು) ಇಟ್ಟಿರುತ್ತಾರೆ. ಎಷ್ಟೋ ಕಡೆ ಎಷ್ಟೋ ಸಲ ನಡೆದಿದ್ದೇನೆ, ಇದು ಯಾರೂ ಹೇಳಿರಲಿಲ್ಲ.

ಆಮೇಲೆ ಅಜ್ಜ ಕೇಳಿದರು. "ಇದ್ರಲ್ಲಿ ಸಂಕ ಕಾಣ್ತದಾ?"

ಸಂಕ ಅಂದರೆ ಹಳ್ಳ ದಾಟುವ ಕಾಲುಸೇತುವೆ. ಜನವರಿಯಲ್ಲಿ ಯಾರೋ ನಡೆದ ಟ್ರ್ಯಾಕ್, ಅಂದರೆ ಜಿಪಿಎಸ್ ದಾಖಲಿಸಿದ ದಾರಿ, ಕೂಡ ನನ್ನಲ್ಲಿತ್ತು. ಅದು ಸೀದಾ ಹಳ್ಳ ದಾಟಿತ್ತು. ತೋರಿಸಿದೆ.

"ಹಾಂ, ಅಲ್ಲೇ ಇತ್ತು. ಮಳೆಗೆ ಹೋಯ್ತು. ಹೊಸಾದು ಇನ್ನೂ ಹಾಕ್ಲಿಲ್ಲ."

ಇದು ಅಕ್ಟೋಬರ್. ಮರದ ದಿಮ್ಮಿಯ ಸಂಕ ಮಳೆಗಾಲ ದಾಟಿ ಉಳಿದರೆ ಅದೇ ದೊಡ್ಡದು. ಬೇರೆಯವರ ಟ್ರ್ಯಾಕ್ ಹಾಕಿಕೊಳ್ಳುವಾಗ ತಾರೀಕು ನೋಡುವುದನ್ನು ಅವತ್ತಿನಿಂದ ರೂಢಿ ಮಾಡಿಕೊಂಡಿದ್ದೇನೆ.

ಅಜ್ಜ ಹೇಳಿದ ಸುತ್ತುದಾರಿಯನ್ನು ಜಗಲಿಯಲ್ಲೇ ಕೂತು ನಕ್ಷೆಯ ಮೇಲೆ ಗುರುತು ಮಾಡಿಕೊಂಡೆ. ಬೇಣ (ಹುಲ್ಲು ಬೆಳೆಯುವ ಬಯಲು), ದಣಪೆ, ಹಳ್ಳದಲ್ಲಿ ಬಂಡೆ ಹಾಸಿದ ಜಾಗ. ಯಂತ್ರದ ಮೇಲಿನ ಪುಟ್ಟ ಕಡ್ಡಿಯಲ್ಲಿ (ಜಾಯ್‌ಸ್ಟಿಕ್) ಒಂದೊಂದೇ ಅಕ್ಷರ ಒತ್ತುವುದು ಹಿಂಸೆ, ಹೆಸರು ಚಿಕ್ಕದಿಟ್ಟಷ್ಟೂ ಒಳ್ಳೆಯದು. ಆದರೆ ಒದ್ದೆ ಕೈಯಲ್ಲೂ ಆ ಕಡ್ಡಿ ಕೆಲಸ ಮಾಡುತ್ತದೆ, ಟಚ್ ಸ್ಕ್ರೀನಿಗೆ ಅದು ಬರುವುದಿಲ್ಲ. ಹೊರಡುವಾಗ ನೋಡಿದರೆ ನಾವು ಹಂಚಿನ ಕೆಳಗೆ ಸುಮ್ನೆ ಕೂತಿದ್ದಷ್ಟೂ ಹೊತ್ತು ಟ್ರ್ಯಾಕ್ ಮನೆ ಸುತ್ತ ಗೀಚಿಕೊಂಡಿತ್ತು, ನಡೆಯದ ದೂರವೂ ಲೆಕ್ಕಕ್ಕೆ ಸೇರಿತ್ತು. ಕೂತಾಗ ರೆಕಾರ್ಡಿಂಗ್ ನಿಲ್ಲಿಸಿಡಿ.

ಕಾನಿನೊಳಗೆ ಯಂತ್ರವನ್ನು ಜೇಬಿನಲ್ಲಿಡದೆ ಬ್ಯಾಗಿನ ಹೆಗಲ ಪಟ್ಟಿಗೆ ಮೇಲ್ಮುಖವಾಗಿ ಸಿಕ್ಕಿಸಿದೆ. ಒದ್ದೆ ಎಲೆಗಳ ಕೆಳಗೆ ಅದಕ್ಕೆ ಆಕಾಶ ಕಂಡಷ್ಟೂ ಲಾಭ. ಅಲ್ಲಿ ಬಾಣ ಆಚೀಚೆ ಆದರೂ ಎತ್ತರದ ಅಂಕಿ ಗಟ್ಟಿಯಾಗಿ ನಿಂತಿತ್ತು. ನಕ್ಷೆಯ ಎತ್ತರದ ಗೆರೆಗಳ ಜೊತೆ ಹೋಲಿಸಿ, ಹಳ್ಳಕ್ಕೆ ಇನ್ನೆಷ್ಟು ಇಳಿಯಬೇಕು ಅಂತ ಅದರಿಂದಲೇ ತಿಳಿಯಿತು. ಕಾಲಿಗೆ ಹತ್ತಿದ ಉಂಬಳಗಳ (ಜಿಗಣೆಗಳ) ಲೆಕ್ಕ ನಾನಿಡಲಿಲ್ಲ.

ಜಲಪಾತ ಹೇಳಿಕೊಳ್ಳುವಂಥದ್ದೇನಲ್ಲ. ವಾಪಸ್ ಬರುವಾಗ ಟ್ರ್ಯಾಕ್‌ಬ್ಯಾಕ್ ಹಾಕಿ ನಮ್ಮ ಹೆಜ್ಜೆ ಹಿಡಿದೇ ಬಂದೆವು. ಆ ಟ್ರ್ಯಾಕನ್ನು ವಸತಿಯವರಿಗೆ ಕಳಿಸಿಕೊಟ್ಟಿದ್ದೇನೆ, "ಸಂಕ ಇಲ್ಲ, ಅಕ್ಟೋಬರ್" ಅಂತ ಬರೆದು. ಮುಂದಿನ ಮಳೆಗಾಲದ ತನಕ ನಂಬಬಹುದು.